ಬಿಸಿ ಇಲ್ಲದ ಬಿಸಿಲೂ ಸುಡುತ್ತದೆ: ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಚರ್ಮ ಕಾಪಾಡಿಕೊಳ್ಳುವುದು ಹೇಗೆ?

ಕಾರಿನ ಕಿಟಕಿ ಕಡೆಗಿದ್ದ ಕೈ ಮಾತ್ರ ಸುಟ್ಟಿತ್ತು. ಇನ್ನೊಂದು ಕೈಗೆ ಏನೂ ಆಗಿರಲಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಶುರು ಮಾಡಿ ನಾಲ್ಕನೇ ದಿನ. ಎಸಿ ಹಾಕಿಕೊಂಡು, ಗಾಜು ಏರಿಸಿಕೊಂಡು ಮೂರು ಗಂಟೆ ಗಾಡಿ ಓಡಿಸಿದ್ದೆ. ಬಿಸಿಲು ತಾಗಿದ ನೆನಪೇ ಇಲ್ಲ. ಸಂಜೆ ಹೊತ್ತಿಗೆ ಬೆರಳಿನ ಗೆಣ್ಣುಗಳ ಮೇಲೆ ಚುರುಚುರು ಶುರುವಾಯಿತು, ಮೆಣಸಿನಕಾಯಿ ಹೆಚ್ಚಿದ ಮೇಲೆ ಆಗುತ್ತಲ್ಲ, ಹಾಗೆ. ರಾತ್ರಿ ವಾಚ್ ಬಿಚ್ಚಿದಾಗ ವಿಷಯ ಗೊತ್ತಾಯಿತು. ಪಟ್ಟಿಯ ಕೆಳಗಿನ ಚರ್ಮ ಮಾಮೂಲಿನಂತಿತ್ತು. ಅದರ ಎರಡೂ ಬದಿ ಕೆಂಪಗೆ ಕಾದು ಊದಿಕೊಂಡಿತ್ತು. ಗೆರೆ ಎಷ್ಟು ನೇರವಾಗಿತ್ತೆಂದರೆ ಅಡಿಕೋಲು ಇಟ್ಟು ಎಳೆದ ಹಾಗೆ.

ನಮ್ಮ ಭಾಷೆಯೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಬಿಸಿಲು ಅನ್ನುವ ಪದದಲ್ಲೇ ಬಿಸಿ ಇದೆ. ಹಾಗಾಗಿ ಬಿಸಿ ಹತ್ತಿದರೆ ಮಾತ್ರ ಬಿಸಿಲು, ತಂಪಾಗಿದ್ದರೆ ತೊಂದರೆ ಇಲ್ಲ ಅಂತ ಲೆಕ್ಕ ಹಾಕುತ್ತೇವೆ. ಇಂಥ ಮಾತ್ರೆ ತೆಗೆದುಕೊಳ್ಳುವವರ ಚರ್ಮಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಬಿಸಿ ಅನ್ನಿಸುವುದು ಒಂದು ಬಗೆಯ ಕಿರಣದಿಂದ, ಚರ್ಮ ಸುಡುವುದು ಬೇರೆ ಬಗೆಯ ಕಿರಣದಿಂದ. ಇದೊಂದು ತಲೆಯಲ್ಲಿದ್ದರೆ ಮುಂದೆ ಹೇಳುವ ಕ್ರಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೊದಲು, ಒಳಗೆ ಏನಾಗುತ್ತದೆ?

ಸೂರ್ಯನಿಂದ ಬರುವ ನೇರಳಾತೀತ ಕಿರಣಗಳಲ್ಲಿ ನೆಲ ಮುಟ್ಟುವುದು ಮುಖ್ಯವಾಗಿ ಎರಡು: ಯುವಿಎ ಮತ್ತು ಯುವಿಬಿ. ಮಾಮೂಲಿ ಬಿಸಿಲುಸುಡುವಿಕೆಗೆ ಹೆಚ್ಚಿನ ಕಾರಣ ಯುವಿಬಿ. ಆದರೆ ನೆಲ ಮುಟ್ಟುವ ನೇರಳಾತೀತದಲ್ಲಿ ಸುಮಾರು 95% ಯುವಿಎ. ಅದು ಚರ್ಮದ ಇನ್ನೂ ಆಳಕ್ಕೆ ಇಳಿಯುತ್ತದೆ. ಸಾಮಾನ್ಯ ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ, ಯುವಿಎಯ ಬಹುಪಾಲನ್ನು ಒಳಗೆ ಬಿಟ್ಟುಬಿಡುತ್ತದೆ.

ಮಾತ್ರೆ ನುಂಗಿದ ಮೇಲೆ ಔಷಧಿ ರಕ್ತದ ಜೊತೆ ಚರ್ಮಕ್ಕೂ ಬರುತ್ತದೆ. ಕೆಲವು ಆಂಟಿಬಯಾಟಿಕ್‌ಗಳ ಕಣಗಳು ಯುವಿಎಯನ್ನು ಹೀರಿಕೊಂಡು ಕೆರಳುತ್ತವೆ, ಹೀರಿದ ಶಕ್ತಿಯನ್ನು ಸುತ್ತಲಿನ ಆಮ್ಲಜನಕಕ್ಕೆ ದಾಟಿಸುತ್ತವೆ. ಕೆರಳಿದ ಆ ಆಮ್ಲಜನಕ ಪಕ್ಕದ ಜೀವಕೋಶಗಳನ್ನು ಹಾಳು ಮಾಡುತ್ತದೆ. ಇದನ್ನು ವೈದ್ಯರು ಫೋಟೋಟಾಕ್ಸಿಕ್ ಪ್ರತಿಕ್ರಿಯೆ ಎನ್ನುತ್ತಾರೆ. ಅಲರ್ಜಿ ಅಲ್ಲ. ಔಷಧಿಯ ಪ್ರಮಾಣ ಮತ್ತು ಬೆಳಕಿನ ಪ್ರಮಾಣ ಎರಡೂ ಸಾಕಷ್ಟಾದರೆ ಯಾರಿಗಾದರೂ ಆಗಬಹುದು. ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಶುರುವಾಗುತ್ತದೆ, ಬೆಳಕು ಬಿದ್ದ ಜಾಗದಲ್ಲಷ್ಟೇ ಇರುತ್ತದೆ.

ಇನ್ನೊಂದು ಬಗೆ ಫೋಟೋಅಲರ್ಜಿ. ಇದು ಅಪರೂಪ. ಬಿಸಿಲಿಗೆ ಹೋಗಿ ಒಂದರಿಂದ ಮೂರು ದಿನ ಕಳೆದ ಮೇಲೆ ನವೆ, ಕಜ್ಜಿಯಂಥ ದದ್ದು ಏಳುತ್ತದೆ. ಬಟ್ಟೆ ಮುಚ್ಚಿದ ಜಾಗಕ್ಕೂ ಹರಡಬಹುದು. ಇಲ್ಲಿ ಔಷಧಿ ಸ್ವಲ್ಪವೇ ಇದ್ದರೂ ಸಾಕು, ಮೈಯ ರೋಗನಿರೋಧಕ ವ್ಯವಸ್ಥೆ ರೇಗುತ್ತದೆ. ಎರಡರ ನಡುವಿನ ವ್ಯತ್ಯಾಸ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಹಂತ 1: ನಿಮ್ಮ ಮಾತ್ರೆ ಯಾವ ಗುಂಪಿನದು ನೋಡಿಕೊಳ್ಳಿ

ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಮಾರಾಟದ ಹೆಸರು ಇರುತ್ತದೆ. ಅದನ್ನು ಬಿಡಿ. ಅದರ ಜೊತೆಗೇ ಔಷಧಿಯ ನಿಜವಾದ ಹೆಸರೂ ಇರುತ್ತದೆ. ಕಣ್ಣಿಗೆ ಹಿಡಿಯದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಆ ಹೆಸರು ‘ಸೈಕ್ಲಿನ್’ ಅಂತ ಮುಗಿದರೆ ಟೆಟ್ರಾಸೈಕ್ಲಿನ್ ಗುಂಪು. ಬಿಸಿಲಿನ ತೊಂದರೆಗೆ ತುಂಬ ಹೆಸರಾದದ್ದು ಇದೇ. ಇದರಲ್ಲಿ ಡೆಮೆಕ್ಲೋಸೈಕ್ಲಿನ್ ಮತ್ತು ಡಾಕ್ಸಿಸೈಕ್ಲಿನ್ ಮುಂದೆ. ಮಿನೊಸೈಕ್ಲಿನ್‌ನಲ್ಲಿ ಕಡಿಮೆ. ಮೊಡವೆಗೆ ತಿಂಗಳುಗಟ್ಟಲೆ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಮಲೇರಿಯಾ ಇರುವ ಕಡೆ ಪ್ರಯಾಣ ಹೋಗುವವರಿಗೂ ದಿನಕ್ಕೆ 100 ಮಿಲಿಗ್ರಾಂನಂತೆ ಕೊಡುತ್ತಾರೆ, ವಾಪಸ್ ಬಂದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಅಂದರೆ ಜಾಸ್ತಿ ದಿನ ಈ ಮಾತ್ರೆ ನುಂಗುವವರೇ ಜಾಸ್ತಿ ಹೊರಗೆ ತಿರುಗುವವರು. ಒಳ್ಳೆ ಜೋಡಿ!

ಹೆಸರು ‘ಫ್ಲೋಕ್ಸಾಸಿನ್’ ಅಂತ ಮುಗಿದರೆ ಫ್ಲೋರೊಕ್ವಿನೊಲೋನ್ ಗುಂಪು. ಎಲ್ಲವೂ ಒಂದೇ ಥರ ಅಲ್ಲ. ಲೋಮೆಫ್ಲೋಕ್ಸಾಸಿನ್, ಸ್ಪಾರ್‌ಫ್ಲೋಕ್ಸಾಸಿನ್ ಈ ವಿಷಯದಲ್ಲಿ ಕುಖ್ಯಾತ. ಸಿಪ್ರೊಫ್ಲೋಕ್ಸಾಸಿನ್, ಒಫ್ಲೋಕ್ಸಾಸಿನ್, ಲಿವೊಫ್ಲೋಕ್ಸಾಸಿನ್‌ಗಳಲ್ಲಿ ಅದಕ್ಕಿಂತ ಕಡಿಮೆ, ಮಾಕ್ಸಿಫ್ಲೋಕ್ಸಾಸಿನ್‌ನಲ್ಲಿ ಇನ್ನೂ ಕಡಿಮೆ. ಹೆಸರಲ್ಲಿ ‘ಸಲ್ಫಾ’ ಇದ್ದರೆ, ಉದಾಹರಣೆಗೆ ಸಲ್ಫಾಮೆಥೋಕ್ಸಜೋಲ್ ಮತ್ತು ಟ್ರೈಮೆಥೊಪ್ರಿಮ್ ಸೇರಿದ ಕೋ-ಟ್ರೈಮೋಕ್ಸಜೋಲ್, ಅದೂ ಪಟ್ಟಿಯಲ್ಲಿದೆ. ಹಳೆಯ ನಾಲಿಡಿಕ್ಸಿಕ್ ಆಮ್ಲವೂ ಹಾಗೇ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್‌ಗಳಲ್ಲಿ ಈ ತೊಂದರೆ ಸಾಮಾನ್ಯವಾಗಿ ಕಾಣುವುದಿಲ್ಲ. ಶಿಲೀಂಧ್ರಕ್ಕೆ ಕೊಡುವ ವೊರಿಕೊನಜೋಲ್, ಗ್ರೈಸಿಯೊಫಲ್ವಿನ್ ಆಂಟಿಬಯಾಟಿಕ್ ಗುಂಪಿಗೆ ಸೇರದಿದ್ದರೂ ಬಿಸಿಲಿನ ವಿಷಯದಲ್ಲಿ ಇದೇ ಜಾತಿ.

ಹಂತ 2: ಮೊದಲ ಮಾತ್ರೆಗೆ ಮುಂಚೆ ಡಾಕ್ಟರನ್ನು ಕೇಳಿ

ಡಾಕ್ಟರ ಮುಂದೆ ಕೂತಾಗ ಬಿಸಿಲಿನ ಮಾತು ನೆನಪಾಗುವುದೇ ಇಲ್ಲ. ಜ್ವರವೋ ಸೋಂಕೋ ತಲೆ ತುಂಬಿರುತ್ತದೆ. ಅದಕ್ಕೇ ಕೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮೊದಲು ನಿಮ್ಮ ಕೆಲಸ ಹೇಳಿ. ‘ಇಡೀ ದಿನ ಹೊರಗೆ ಇರುತ್ತೇನೆ’, ‘ದಿನಾ ಗಾಡಿ ಓಡಿಸುತ್ತೇನೆ’, ‘ಮುಂದಿನ ವಾರ ಬೆಟ್ಟಕ್ಕೆ ಹೋಗುತ್ತಿದ್ದೇನೆ’. ಬಿಸಿಲಿನ ಕಾಟ ಕಡಿಮೆ ಇರುವ ಬೇರೆ ಔಷಧಿ ನಿಮ್ಮ ಸೋಂಕಿಗೆ ಹೊಂದುವುದಾದರೆ ಅವರು ಆಗಲೇ ಬದಲಿಸಬಹುದು. ಕೋರ್ಸ್ ಮಧ್ಯೆ ಬದಲಿಸುವುದಕ್ಕಿಂತ ಇದು ಸುಲಭ.

ಎರಡನೆಯದು, ಈಗಾಗಲೇ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಹೆಸರು ಹೇಳಿ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್, ಹೃದಯದ ಬಡಿತಕ್ಕೆ ಕೊಡುವ ಅಮಿಯೊಡಾರೋನ್, ನೋವಿಗೆ ಕೊಡುವ ನ್ಯಾಪ್ರೋಕ್ಸೆನ್, ಇವೂ ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. ಹಚ್ಚಿಕೊಳ್ಳುವುದನ್ನೂ ಮರೆಯಬೇಡಿ. ಮೊಡವೆಗೆ ಹಚ್ಚುವ ರೆಟಿನಾಯ್ಡ್ ಕ್ರೀಮ್ ಚರ್ಮವನ್ನು ಸೂಕ್ಷ್ಮ ಮಾಡುತ್ತದೆ. ನೋವಿಗೆ ತಿಕ್ಕುವ ಕೀಟೊಪ್ರೊಫೆನ್ ಜೆಲ್ ಬಿಸಿಲು ಬಿದ್ದರೆ ದೊಡ್ಡ ರಾದ್ಧಾಂತವನ್ನೇ ಮಾಡಬಲ್ಲದು.

ಮೂರನೆಯದು, ಮಾತ್ರೆಯ ಹೊತ್ತು. ದಿನಕ್ಕೊಂದೇ ಮಾತ್ರೆ ಆಗಿದ್ದರೆ ಸಂಜೆಗೆ ಹಾಕಿಕೊಳ್ಳಬಹುದಾ ಅಂತ ಕೇಳಿ. ಔಷಧಿಯ ಮಟ್ಟ ರಕ್ತದಲ್ಲಿ ಏರುವ ಹೊತ್ತು ರಾತ್ರಿಗೆ ಬೀಳುತ್ತದೆ. ಆದರೆ ಡಾಕ್ಸಿಸೈಕ್ಲಿನ್ ಉಳಿದಷ್ಟು ಹೊತ್ತೂ ಮೈಯಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಇದು ಸ್ವಲ್ಪ ಅನುಕೂಲವೇ ಹೊರತು ಬಿಸಿಲಿಗೆ ಪರವಾನಗಿ ಅಲ್ಲ. ಮತ್ತೊಂದು ಎಚ್ಚರ: ಡಾಕ್ಸಿಸೈಕ್ಲಿನ್ ನುಂಗಿ ತಕ್ಷಣ ಮಲಗಬೇಡಿ. ದೊಡ್ಡ ಲೋಟದಲ್ಲಿ ನೀರು ಕುಡಿದು ಕಡೇಪಕ್ಷ ಅರ್ಧ ಗಂಟೆ ನೆಟ್ಟಗೆ ಕೂತಿರಿ. ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣು ಮಾಡುತ್ತದೆ. ಕೈ ಉಳಿಸಿಕೊಳ್ಳಲು ಹೋಗಿ ಗಂಟಲು ಸುಟ್ಟುಕೊಂಡ ಹಾಗಾಗಬಾರದು, ಅಲ್ವಾ?

ಹಂತ 3: ಹೊರಗೆ ಹೋಗುವ ಹೊತ್ತು ಬದಲಿಸಿ, ಗಾಜಿನ ಮೇಲೂ ಕಣ್ಣಿಡಿ

ಬೆಳಿಗ್ಗೆ 10ರಿಂದ ಸಂಜೆ 4ರ ನಡುವೆ ಹೊರಗಿನ ಕೆಲಸ ಆದಷ್ಟು ಕಡಿಮೆ ಮಾಡಿ. ಗಡಿಯಾರ ಬೇಡ ಎನ್ನುವವರಿಗೆ ನೆರಳೇ ಸಾಕು: ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ಜೋರಾಗಿವೆ.

ಫೋನಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ ಸಿಗುತ್ತದೆ. 3 ಮುಟ್ಟಿದರೆ ಎಲ್ಲರೂ ರಕ್ಷಣೆ ಮಾಡಿಕೊಳ್ಳಬೇಕು, 8 ಮುಟ್ಟಿದರೆ ತುಂಬ ಜಾಸ್ತಿ, 11ರಿಂದ ಮೇಲೆ ವಿಪರೀತ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಮಾಮೂಲಿ ಚರ್ಮ ಎಷ್ಟು ಬೇಗ ಕೆಂಪಾಗುತ್ತದೆ ಅನ್ನುವುದರ ಮೇಲೆ ಆ ಅಂಕಿ ನಿಂತಿದೆ. ಅಂದರೆ ಅದು ಹೆಚ್ಚಾಗಿ ಯುವಿಬಿಯ ಪರವಾಗಿ ಮಾತಾಡುತ್ತದೆ. ಯುವಿಬಿ ಮಧ್ಯಾಹ್ನ ಏರಿ ಸಂಜೆ ಬೇಗ ಇಳಿಯುತ್ತದೆ. ಯುವಿಎ ಅಷ್ಟು ಏರಿಳಿಯುವುದಿಲ್ಲ, ಬೆಳಿಗ್ಗೆ ಎಂಟಕ್ಕೂ ಇರುತ್ತದೆ, ಸಂಜೆ ಐದಕ್ಕೂ ಇರುತ್ತದೆ. ಹಾಗಾಗಿ ಅಂಕಿ 2 ಇದೆ ಅಂತ ಮಾತ್ರೆ ನುಂಗುವವರು ತೋಳಿಲ್ಲದ ಬಟ್ಟೆಯಲ್ಲಿ ಎರಡು ಗಂಟೆ ಕೂರುವುದು ಬೇಡ.

ಮೋಡವನ್ನೂ ನಂಬಬೇಡಿ. ಮೋಡ ಬಿಸಿಲಿನ ಬಿಸಿಯನ್ನು ತಡೆಯುತ್ತದೆ, ನೇರಳಾತೀತವನ್ನು ಪೂರ್ತಿ ತಡೆಯುವುದಿಲ್ಲ. ಬೆಟ್ಟದ ತಂಪು ಇನ್ನೂ ದೊಡ್ಡ ಮೋಸ. 1000 ಮೀಟರ್ ಮೇಲೇರಿದಂತೆ ನೇರಳಾತೀತ ಸುಮಾರು 10%ರಷ್ಟು ಜಾಸ್ತಿಯಾಗುತ್ತದೆ, ನಿಮಗೆ ಮಾತ್ರ ಸ್ವೆಟರ್ ಬೇಕು ಅನ್ನಿಸುತ್ತಿರುತ್ತದೆ. ಹಿಮ ಬಿದ್ದ ಜಾಗದಲ್ಲಿ ನೆಲವೇ ಕಿರಣಗಳನ್ನು ವಾಪಸ್ ಎಸೆಯುತ್ತದೆ, ಹೊಸ ಹಿಮವಾದರೆ 80%ರವರೆಗೆ. ಮರಳು, ನೀರು ಕೂಡ ಸ್ವಲ್ಪ ಮಟ್ಟಿಗೆ ಹಾಗೇ. ಕೊಡೆ ಹಿಡಿದಿದ್ದರೂ ಗಲ್ಲದ ಕೆಳಗೆ ಸುಡುವುದು ಇದರಿಂದಲೇ.

ಇನ್ನು ಗಾಜು. ಕಾರಿನ ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು, ಅದು ಯುವಿಎಯ ಬಹುಪಾಲನ್ನು ತಡೆಯುತ್ತದೆ. ಪಕ್ಕದ ಕಿಟಕಿಗಳು ಎಷ್ಟೋ ಗಾಡಿಗಳಲ್ಲಿ ಹಾಗಿರುವುದಿಲ್ಲ. ನನ್ನ ಕೈ ಸುಟ್ಟಿದ್ದು ಅಲ್ಲೇ. ಬಸ್ಸು, ರೈಲಿನಲ್ಲಿ ಬಿಸಿಲು ಬೀಳದ ಕಡೆ ಸೀಟು ಹಿಡಿಯಿರಿ. ಕೆಲಸದ ಮೇಜು ಕಿಟಕಿಗೆ ಅಂಟಿಕೊಂಡಿದ್ದರೆ ಕೋರ್ಸ್ ಮುಗಿಯುವವರೆಗೆ ಅತ್ತ ಸರಿಸಿ, ಇಲ್ಲವೇ ಪರದೆ ಎಳೆಯಿರಿ. ಮನೆಯ ಎಲ್ಇಡಿ ಬಲ್ಬಿಗೆ ಹೆದರಬೇಕಿಲ್ಲ. ಚರ್ಮ ಕಂದಾಗಿಸುವ ಟ್ಯಾನಿಂಗ್ ಯಂತ್ರದ ಹತ್ತಿರವೂ ಸುಳಿಯಬೇಡಿ, ಅದು ಚೆಲ್ಲುವುದೇ ಯುವಿಎ. ವೆಲ್ಡಿಂಗ್ ಕಿಡಿಯ ಬೆಳಕೂ ನೇರಳಾತೀತ ಬಿಡುತ್ತದೆ, ಆ ಕೆಲಸದವರು ಡಾಕ್ಟರಿಗೆ ಅದನ್ನು ಹೇಳಲೇಬೇಕು.

ಹಂತ 4: ಬಟ್ಟೆ ಮೊದಲು, ಕ್ರೀಮ್ ಆಮೇಲೆ

ಬಿಸಿಲಿನ ಮಾತು ಬಂದ ಕೂಡಲೇ ಎಲ್ಲರೂ ಸನ್‌ಸ್ಕ್ರೀನ್ ಹುಡುಕುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ. ಬಟ್ಟೆ ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಿಲ್ಲ, ಕಮ್ಮಿ ಹಚ್ಚಿದೆನಾ ಅನ್ನುವ ಅನುಮಾನವೂ ಇಲ್ಲ.

ಮನೆಯಲ್ಲಿರುವ ಬಟ್ಟೆಯನ್ನೇ ಪರೀಕ್ಷೆ ಮಾಡಿ. ಅಂಗಿಯ ಒಂದು ಪದರವನ್ನು ಬಲ್ಬಿನ ಮುಂದೆ ಹಿಡಿದು ಅದರ ಹಿಂದೆ ಬೆರಳು ಆಡಿಸಿ. ಬೆರಳಿನ ಆಕಾರ ಸ್ಪಷ್ಟವಾಗಿ ಕಂಡರೆ ಆ ಬಟ್ಟೆ ಸಾಲದು. ನಾನು ಹೀಗೆ ಹಿಡಿದು ನೋಡಿದಾಗ ಬೇಸಿಗೆಗೆ ಅಂತ ಇಟ್ಟುಕೊಂಡಿದ್ದ ಬಿಳಿ ತೆಳು ಅಂಗಿಯಲ್ಲಿ ಉಂಗುರ ಕೂಡ ಎಣಿಸುವ ಹಾಗೆ ಕಾಣುತ್ತಿತ್ತು. ಹಳೆಯ ಕಡುನೀಲಿ ಅಂಗಿಯಲ್ಲಿ ಬೆರಳು ಇದೆಯೋ ಇಲ್ಲವೋ ತಿಳಿಯಲಿಲ್ಲ. ನೇಯ್ಗೆ ಒತ್ತಾಗಿರಬೇಕು, ಬಣ್ಣ ಗಾಢವಾಗಿದ್ದರೆ ಒಳ್ಳೆಯದು, ಮೈಗೆ ಸಡಿಲವಾಗಿರಬೇಕು. ತೆಳು ಹತ್ತಿ ಬಟ್ಟೆ ಒದ್ದೆಯಾದರೆ ಕಿರಣಗಳನ್ನು ಇನ್ನೂ ಜಾಸ್ತಿ ಒಳಬಿಡುತ್ತದೆ, ಬೆವರಿ ತೊಯ್ದರೆ ಬದಲಿಸಿ. ಯುಪಿಎಫ್ 50 ಎಂದು ಬರೆದ ಬಟ್ಟೆ ಸಿಕ್ಕರೆ ಅದು ಐವತ್ತರಲ್ಲಿ ಒಂದು ಪಾಲು ಕಿರಣವನ್ನಷ್ಟೇ ಒಳಬಿಡುತ್ತದೆ.

ಟೋಪಿ ಅಂದರೆ ಮುಂದೆ ಮಾತ್ರ ಅಂಚಿರುವ ಕ್ಯಾಪ್ ಅಲ್ಲ. ಅದು ಕಿವಿಯನ್ನೂ ಕತ್ತಿನ ಹಿಂಭಾಗವನ್ನೂ ಬಿಸಿಲಿಗೆ ಒಪ್ಪಿಸಿಬಿಡುತ್ತದೆ. ಸುತ್ತಲೂ ಏಳೆಂಟು ಸೆಂಟಿಮೀಟರ್ ಅಂಚು ಇರುವ ಟೋಪಿ ಬೇಕು. ಗಾಡಿ ಓಡಿಸುವವರಿಗೆ ತೆಳು ಕೈಗವಸು. ನೋಡಲು ಸ್ವಲ್ಪ ವಿಚಿತ್ರ, ಎರಡನೇ ದಿನಕ್ಕೆ ಅಭ್ಯಾಸವಾಗುತ್ತದೆ. ಚಪ್ಪಲಿ ಹಾಕುವವರು ಪಾದದ ಮೇಲ್ಭಾಗವನ್ನು ಮರೆತೇಬಿಡುತ್ತಾರೆ, ಕಾಲುಚೀಲ ಹಾಕಿ ಶೂ ಹಾಕಿಕೊಳ್ಳಿ.

ಹಂತ 5: ಸನ್‌ಸ್ಕ್ರೀನ್ ಕೊಳ್ಳುವುದು, ಹಚ್ಚುವುದು

ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಇದು. ಟ್ಯೂಬಿನ ಮೇಲೆ ದೊಡ್ಡದಾಗಿ ಕಾಣುವ ಎಸ್‌ಪಿಎಫ್ ಅಂಕಿಯೂ ಮುಖ್ಯವಾಗಿ ಯುವಿಬಿಯ ಲೆಕ್ಕ. ಎಸ್‌ಪಿಎಫ್ 30 ಸುಮಾರು 97% ಯುವಿಬಿ ತಡೆದರೆ 50 ಸುಮಾರು 98% ತಡೆಯುತ್ತದೆ. ನಮ್ಮ ಶತ್ರು ಯುವಿಎ ಆದ್ದರಿಂದ ಬರೀ ಆ ಅಂಕಿ ನೋಡಿ ಕೊಂಡರೆ ಕೆಲಸ ಅರ್ಧ. ‘ಬ್ರಾಡ್ ಸ್ಪೆಕ್ಟ್ರಮ್’ ಅಂತ ಬರೆದಿರಬೇಕು. ಕೆಲವು ಟ್ಯೂಬುಗಳ ಮೇಲೆ ‘ಪಿಎ’ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಹಾಕಿರುತ್ತಾರೆ. ಅದೇ ಯುವಿಎಯ ಅಳತೆ, ಗುರುತು ನಾಲ್ಕಿದ್ದರೆ ಆ ಪದ್ಧತಿಯಲ್ಲಿ ಗರಿಷ್ಠ. ಇನ್ನು ಕೆಲವದರ ಮೇಲೆ ಸಣ್ಣ ವೃತ್ತದೊಳಗೆ ಯುವಿಎ ಅಂತಿರುತ್ತದೆ. ಎಸ್‌ಪಿಎಫ್‌ನ ಮೂರನೇ ಒಂದು ಪಾಲಾದರೂ ಯುವಿಎ ರಕ್ಷಣೆ ಇದೆ ಅಂತ ಅದರ ಅರ್ಥ.

ಒಳಗಿನ ವಸ್ತುಗಳಲ್ಲಿ ಜಿಂಕ್ ಆಕ್ಸೈಡ್ ಇದ್ದರೆ ನನಗೆ ಸಮಾಧಾನ. ಅದು ಯುವಿಎಯ ವಿಶಾಲ ಭಾಗವನ್ನು ತಡೆಯುತ್ತದೆ, ಕೆರಳಿದ ಚರ್ಮಕ್ಕೂ ಉರಿ ಕಡಿಮೆ. ಮುಖ ಬೆಳ್ಳಗೆ ಬೂದಿ ಬಳಿದಂತೆ ಕಾಣುತ್ತದೆ ನಿಜ. ಹತ್ತು ದಿನ ತಾನೆ. ಆಕ್ಸಿಬೆಂಜೋನ್‌ನಂಥ ಕೆಲವು ವಸ್ತುಗಳು ತಾವೇ ಕೆಲವರಿಗೆ ಫೋಟೋಅಲರ್ಜಿ ತರುತ್ತವೆ. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ನವೆ ಜಾಸ್ತಿಯಾದರೆ ಸುಮ್ನೆ ಇನ್ನಷ್ಟು ಹಚ್ಚಬೇಡಿ, ಟ್ಯೂಬ್ ಬದಲಿಸಿ ನೋಡಿ.

ಪ್ರಮಾಣದಲ್ಲಿ ಎಲ್ಲರೂ ಜಿಪುಣರೇ. ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಚಾಚಿ, ಬುಡದಿಂದ ತುದಿವರೆಗೆ ಒಂದೊಂದು ಉದ್ದ ಗೆರೆ ಕ್ರೀಮ್ ಹಿಂಡಿ. ಮುಖ, ಕತ್ತಿಗೆ ಅಷ್ಟೂ ಬೇಕು. ಮೊದಲ ಸಲ ನೋಡಿದಾಗ ಇಷ್ಟೊಂದಾ ಅನ್ನಿಸುತ್ತದೆ. ಒಂದೇ ಸಲಕ್ಕೆ ಹಚ್ಚಲು ಕಷ್ಟವಾದರೆ ಒಂದು ಗೆರೆ ಹಚ್ಚಿ, ಐದು ನಿಮಿಷ ಬಿಟ್ಟು ಇನ್ನೊಂದು. ಹೊರಡುವ ಕಾಲು ಗಂಟೆ ಮುಂಚೆ ಹಚ್ಚಿ, ಹೊರಗಿರುವಷ್ಟೂ ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ಬೆವರು ಒರೆಸಿಕೊಂಡರೆ ಅಥವಾ ಈಜಿದರೆ ತಕ್ಷಣವೇ. ಕಿವಿಯ ಮೇಲ್ತುದಿ, ಬೈತಲೆ, ಕಾಲರಿನ ಅಂಚು, ಕೈ ಮೇಲ್ಭಾಗ ಇವು ತಪ್ಪಿಹೋಗುವ ಜಾಗಗಳು. ಕೈ ತೊಳೆದಾಗಲೆಲ್ಲ ಅಲ್ಲಿ ಹಚ್ಚಿದ್ದು ಹೋಯಿತು ಅಂತಲೇ ಲೆಕ್ಕ.

ಹಂತ 6: ಕಣ್ಣು, ತುಟಿ, ಉಗುರು

ಯುವಿ 400 ಎಂದು ಬರೆದ ಕನ್ನಡಕ ಹಾಕಿ. ಗಾಜು ಕಪ್ಪಗಿದ್ದ ಮಾತ್ರಕ್ಕೆ ನೇರಳಾತೀತ ತಡೆಯುತ್ತದೆ ಅಂತೇನಿಲ್ಲ. ತುಟಿಗೆ ಎಸ್‌ಪಿಎಫ್ ಇರುವ ಬಾಮ್ ಹಚ್ಚಿ.

ಉಗುರಿನ ವಿಷಯ ತುಂಬ ಜನಕ್ಕೆ ಗೊತ್ತೇ ಇರುವುದಿಲ್ಲ. ಡಾಕ್ಸಿಸೈಕ್ಲಿನ್‌ನಂಥ ಔಷಧಿ ತೆಗೆದುಕೊಂಡು ಬಿಸಿಲಲ್ಲಿ ಇದ್ದವರಿಗೆ ಉಗುರು ಕೆಳಗಿನ ಚರ್ಮದಿಂದ ಬಿಟ್ಟುಕೊಳ್ಳಬಹುದು. ಬಿಸಿಲಿಗೆ ಹೋಗಿ ದಿನಗಳು, ಕೆಲವೊಮ್ಮೆ ವಾರಗಳಾದ ಮೇಲೆ ಉಗುರಿನ ತುದಿಭಾಗ ಬಿಳಿ ಅಥವಾ ಹಳದಿಯಾಗುತ್ತದೆ, ಒತ್ತಿದರೆ ನೋವು. ಶಿಲೀಂಧ್ರ ಅಂದುಕೊಂಡು ಬೇರೆ ಔಷಧಿ ಹಚ್ಚುತ್ತಾ ಕೂರುವವರಿದ್ದಾರೆ. ಕಂಡರೆ ಡಾಕ್ಟರಿಗೆ ತೋರಿಸಿ, ಉಗುರನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳಿ, ಅಡಿಯಲ್ಲಿ ಕೆರೆದು ಸ್ವಚ್ಛ ಮಾಡಲು ಹೋಗಬೇಡಿ. ಹೊಸ ಉಗುರು ಬೆಳೆದಂತೆ ಸರಿಹೋಗುತ್ತದೆ.

ಹಂತ 7: ಸುಟ್ಟೇಬಿಟ್ಟರೆ

ಮೊದಲ ಸೂಚನೆ ಬಣ್ಣ ಅಲ್ಲ, ಅನುಭವ. ಚುರುಚುರು, ಸೂಜಿ ಚುಚ್ಚಿದ ಹಾಗೆ, ಬಿಗಿತ. ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಇನ್ನೂ ಕಡುಬಣ್ಣಕ್ಕೆ ತಿರುಗಿ ಮುಟ್ಟಿದರೆ ಬಿಸಿಯಾಗಿರುತ್ತದೆ. ‘ನಮ್ಮದು ಕಪ್ಪು ಮೈ, ಬಿಸಿಲು ಏನೂ ಮಾಡಲ್ಲ’ ಅನ್ನುವ ಧೈರ್ಯ ಈ ಮಾತ್ರೆಗಳ ಮುಂದೆ ನಡೆಯುವುದಿಲ್ಲ.

ಚುರುಚುರು ಅನ್ನಿಸಿದ ಕ್ಷಣವೇ ಒಳಗೆ ಹೋಗಿ. ‘ಇದೊಂದು ಕೆಲಸ ಮುಗಿಸಿ ಹೋಗ್ತೀನಿ’ ಬೇಡ. ಉಂಗುರ, ವಾಚ್ ಬಿಚ್ಚಿಡಿ, ಊತ ಬಂದ ಮೇಲೆ ಬಿಚ್ಚುವುದು ಕಷ್ಟ. ನಲ್ಲಿಯ ತಣ್ಣೀರನ್ನು ಹತ್ತು ಹದಿನೈದು ನಿಮಿಷ ಮೆಲ್ಲಗೆ ಬಿಡಿ, ಇಲ್ಲವೇ ಒದ್ದೆ ಬಟ್ಟೆ ಇಡಿ. ಐಸ್ ನೇರವಾಗಿ ಇಡಬೇಡಿ. ನೀರನ್ನು ಒತ್ತಿ ಹೀರಿಸಿ, ಉಜ್ಜಬೇಡಿ. ಚರ್ಮ ಇನ್ನೂ ಸ್ವಲ್ಪ ತೇವ ಇರುವಾಗಲೇ ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಅಥವಾ ಲೋಳೆಸರದ ಜೆಲ್ ಹಚ್ಚಿ. ಜಾಸ್ತಿ ನೀರು ಕುಡಿಯಿರಿ.

ಅಡುಗೆಮನೆಯ ಮದ್ದುಗಳನ್ನು ಈ ಸಲ ಬಿಟ್ಟುಬಿಡಿ. ನಿಂಬೆಜಾತಿಯ ಕೆಲವು ಹಣ್ಣುಗಳ ರಸದಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಬೆಳಕಿಗೆ ಚರ್ಮವನ್ನು ಸುಡುವ ವಸ್ತುವೇ ಇದೆ. ಕಲೆ ಹೋಗಲಿ ಅಂತ ನಿಂಬೆ ತಿಕ್ಕಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಎಣ್ಣೆ, ಟೂತ್‌ಪೇಸ್ಟ್ ಕೂಡ ಬೇಡ. ಮರಗಟ್ಟಿಸುವ ಬೆಂಜೊಕೇನ್ ಕ್ರೀಮ್‌ಗಳೂ ಬೇಡ, ಅವು ಚರ್ಮವನ್ನು ಇನ್ನೂ ಕೆರಳಿಸಬಹುದು.

ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಹೊಂದುತ್ತದೆ, ಲಿವರ್ ತೊಂದರೆ ಇದ್ದವರು ಕೇಳಿಯೇ ತೆಗೆದುಕೊಳ್ಳಿ. ನ್ಯಾಪ್ರೋಕ್ಸೆನ್ ಬೇಡ ಅನ್ನುವುದಕ್ಕೆ ಕಾರಣ ಮೇಲೆಯೇ ಹೇಳಿದೆ. ಉರಿ, ಊತ ಜಾಸ್ತಿ ಇದ್ದರೆ ಸೌಮ್ಯ ಸ್ಟೀರಾಯ್ಡ್ ಕ್ರೀಮನ್ನು ಕೆಲವು ದಿನ ಹಚ್ಚಲು ಡಾಕ್ಟರ್ ಹೇಳಬಹುದು. ಮನೆಯಲ್ಲಿ ಯಾವಾಗಲೋ ತಂದಿಟ್ಟ ಟ್ಯೂಬನ್ನು ನೀವೇ ಶುರು ಮಾಡಬೇಡಿ. ಬೊಬ್ಬೆ ಬಂದರೆ ಒಡೆಯಬೇಡಿ. ತಾನಾಗಿ ಒಡೆದರೆ ಸೋಪು ನೀರಿನಿಂದ ಮೆಲ್ಲಗೆ ತೊಳೆದು, ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದ ಬ್ಯಾಂಡೇಜ್ ಸುತ್ತಿ.

ಒಂದು ಫೋಟೋ ತೆಗೆದುಕೊಳ್ಳಿ. ಯಾವ ಮಾತ್ರೆ, ಎಷ್ಟನೇ ದಿನ, ಎಷ್ಟು ಹೊತ್ತು ಹೊರಗಿದ್ದಿರಿ, ಎಷ್ಟು ಗಂಟೆಗೆ ಉರಿ ಶುರುವಾಯಿತು, ನಾಲ್ಕು ಸಾಲು ಬರೆದಿಡಿ. ಡಾಕ್ಟರಿಗೆ ಇದರಿಂದ ಎಷ್ಟೋ ವಿಷಯ ತಿಳಿಯುತ್ತದೆ. ಗಲ್ಲದ ಕೆಳಗೆ, ಕಿವಿಯ ಹಿಂದೆ, ವಾಚಿನ ಪಟ್ಟಿಯ ಅಡಿ ಚರ್ಮ ಚೆನ್ನಾಗಿದ್ದು ಉಳಿದದ್ದು ಸುಟ್ಟಿದ್ದರೆ ಅದು ಬೆಳಕಿನದೇ ಕೆಲಸ.

ಯಾವಾಗ ಕಾಯಬಾರದು?

ಮುಖ, ತುಟಿ, ನಾಲಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ತುರ್ತು ಚಿಕಿತ್ಸೆಗೆ ಓಡಬೇಕು. ಬಾಯಿ, ಕಣ್ಣು, ಗುಪ್ತಾಂಗಗಳಲ್ಲಿ ಹುಣ್ಣು, ಬಿಸಿಲು ಬೀಳದ ಜಾಗದಲ್ಲೂ ಚರ್ಮ ಸುಲಿಯುವುದು, ಜೊತೆಗೆ ಜ್ವರ, ಇದು ಬಿಸಿಲಿನ ತೊಂದರೆಯೇ ಅಲ್ಲದಿರಬಹುದು. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಅಪರೂಪದ, ಜೀವಕ್ಕೇ ಅಪಾಯವಾಗುವ ಪ್ರತಿಕ್ರಿಯೆ ಹೀಗೆ ಶುರುವಾಗುತ್ತದೆ, ಸಲ್ಫಾ ಔಷಧಿಗಳು ಅದಕ್ಕೆ ಹೆಸರಾಗಿವೆ. ಇಲ್ಲಿ ಮುಂದಿನ ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ ಹೋಗಿ.

ಇಷ್ಟು ತೀವ್ರವಲ್ಲದಿದ್ದರೂ ಬೊಬ್ಬೆ ದೊಡ್ಡ ಜಾಗದಲ್ಲಿ ಎದ್ದರೆ, ತಲೆಸುತ್ತು ವಾಂತಿ ಇದ್ದರೆ, ಕಣ್ಣು ನೋಯುತ್ತಿದ್ದರೆ, ಗಾಯದಿಂದ ಕೀವು ಬಂದರೆ ಅದೇ ದಿನ ತೋರಿಸಿ. ಜ್ವರದ ವಿಷಯದಲ್ಲಿ ಸ್ವಲ್ಪ ಗೊಂದಲ ಆಗುತ್ತದೆ. ಮಾತ್ರೆ ಕೊಟ್ಟಿದ್ದೇ ಸೋಂಕಿಗಾದ್ದರಿಂದ ಜ್ವರ ಹಳೆಯದೋ ಹೊಸದೋ ತಿಳಿಯುವುದಿಲ್ಲ. ಇಳಿದಿದ್ದ ಜ್ವರ ಸುಟ್ಟ ಮೇಲೆ ಮತ್ತೆ ಏರಿದರೆ ಅದನ್ನು ಹೊಸದೆಂದೇ ತಿಳಿದು ಫೋನ್ ಮಾಡಿ.

ಬರೀ ಕೆಂಪು, ಉರಿ ಅಷ್ಟೇ ಆಗಿದ್ದರೆ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ಮೂಲ ಸೋಂಕು ಮತ್ತೆ ತಲೆ ಎತ್ತಬಹುದು. ಡಾಕ್ಟರಿಗೆ ಹೇಳಿ. ಮುಂದುವರಿಸುವುದೋ ಬದಲಿಸುವುದೋ ಅವರು ನಿರ್ಧರಿಸಲಿ.

ಹಂತ 8: ಕೋರ್ಸ್ ಮುಗಿದ ಮೇಲೆ

ಕೊನೆಯ ಮಾತ್ರೆ ನುಂಗಿದ ದಿನವೇ ಚರ್ಮ ಹಳೆಯ ಸ್ಥಿತಿಗೆ ಬರುವುದಿಲ್ಲ. ಡಾಕ್ಸಿಸೈಕ್ಲಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 18ರಿಂದ 22 ಗಂಟೆ ಬೇಕು, ಉಳಿದ ಅರ್ಧದಲ್ಲಿ ಅರ್ಧ ಇಳಿಯಲು ಮತ್ತೆ ಅಷ್ಟೇ. ಹೀಗೆ ಬಹುಪಾಲು ಖಾಲಿಯಾಗುವ ಹೊತ್ತಿಗೆ ನಾಲ್ಕೈದು ದಿನ. ಸಿಪ್ರೊಫ್ಲೋಕ್ಸಾಸಿನ್ ಇದಕ್ಕಿಂತ ಬೇಗ ಹೋಗುತ್ತದೆ. ಕಿಡ್ನಿ ತೊಂದರೆ ಇದ್ದವರಲ್ಲಿ ಅದು ತಡವಾಗಬಹುದು. ಲೆಕ್ಕ ಹಾಕುವ ತಲೆನೋವು ಬೇಡ ಅನ್ನುವವರು ಯಾವ ಮಾತ್ರೆಯೇ ಆಗಲಿ ಒಂದು ವಾರ ಎಚ್ಚರ ಮುಂದುವರಿಸಿ.

ಉರಿ ಕೆಲವು ದಿನಗಳಲ್ಲಿ ಹೋಗುತ್ತದೆ, ಸಿಪ್ಪೆ ಏಳುತ್ತದೆ, ಕಪ್ಪು ಕಲೆ ಮಾತ್ರ ತಿಂಗಳುಗಟ್ಟಲೆ ನಿಲ್ಲಬಹುದು. ಕಪ್ಪು ಚರ್ಮದವರಲ್ಲಿ ಇದು ಜಾಸ್ತಿ. ಬ್ಲೀಚಿಂಗ್ ಕ್ರೀಮ್ ತರಬೇಡಿ. ಆ ಜಾಗಕ್ಕೆ ಮತ್ತೆ ಬಿಸಿಲು ಬೀಳದಂತೆ ನೋಡಿಕೊಂಡರೆ ನಿಧಾನಕ್ಕೆ ಮಾಸುತ್ತದೆ. ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್‌ಗಳು ಇಲ್ಲಿ ಒಂದು ಕೈ ಮೇಲು, ಏಕೆಂದರೆ ಕಲೆಯನ್ನು ಗಾಢ ಮಾಡುವ ಕಣ್ಣಿಗೆ ಕಾಣುವ ಬೆಳಕನ್ನೂ ಅವು ಸ್ವಲ್ಪ ತಡೆಯುತ್ತವೆ.

ಕೊನೆಯದಾಗಿ, ನಿಮ್ಮ ಹಳೆಯ ಚೀಟಿಗಳಲ್ಲಿ ಇದನ್ನು ಸರಿಯಾಗಿ ಬರೆಸಿ. ತುಂಬ ಜನ ಮುಂದಿನ ಡಾಕ್ಟರ ಹತ್ತಿರ ‘ನನಗೆ ಆ ಮಾತ್ರೆ ಅಲರ್ಜಿ’ ಅಂದುಬಿಡುತ್ತಾರೆ. ಒಮ್ಮೆ ಅಲರ್ಜಿ ಅಂತ ಬರೆದರೆ ಆ ಔಷಧಿ ನಿಜಕ್ಕೂ ಬೇಕಾದ ಹೊತ್ತಿಗೂ ಅದನ್ನು ಕೊಡಲು ಹಿಂಜರಿಯುತ್ತಾರೆ. ನಿಮಗಾಗಿದ್ದು ಫೋಟೋಟಾಕ್ಸಿಕ್ಕೋ ಫೋಟೋಅಲರ್ಜಿಯೋ ಡಾಕ್ಟರನ್ನೇ ಕೇಳಿ, ಆ ಪದವನ್ನೇ ಬರೆಸಿ. ನನ್ನ ಫೋನಿನಲ್ಲಿ ಬರೆದಿಟ್ಟಿರುವುದು ಇಷ್ಟು: ‘ಡಾಕ್ಸಿಸೈಕ್ಲಿನ್, 100 ಮಿಲಿಗ್ರಾಂ, ನಾಲ್ಕನೇ ದಿನ, ಕಾರಿನ ಕಿಟಕಿ ಬಿಸಿಲಿಗೆ ಕೈ ಸುಟ್ಟಿತ್ತು. ಅಲರ್ಜಿ ಅಲ್ಲ. ಕೊಡಬಹುದು, ಕೈಗವಸು ಹಾಕಿಕೊಳ್ಳುತ್ತೇನೆ.’